ಟೈಪ್ 1 ಮಧುಮೇಹವಿರುವ ಮಗುವಿಗೆ ರಾತ್ರಿ ಶುಗರ್ ಇಳಿದು ಫಿಟ್ಸ್ ಬಂದರೆ ಇನ್ಸುಲಿನ್ ನಿಲ್ಲಿಸಬೇಕೇ?

ಏಳು ವರ್ಷದ ಮಗಳಿಗೆ ನಡುರಾತ್ರಿ ಶುಗರ್ ಇಳಿದು ಫಿಟ್ಸ್ ಬಂತು, ರಾತ್ರಿಯ ಇನ್ಸುಲಿನ್ ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಈ ಮಕ್ಕಳಿಗೆ ಇನ್ಸುಲಿನ್ ತಪ್ಪಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಅದೂ ಪ್ರಾಣಕ್ಕೇ ಕುತ್ತಾಗುತ್ತದೆ. ಎಷ್ಟು ಯೂನಿಟ್ ಇಳಿಸಬೇಕೆಂದು ಇವತ್ತೇ ವೈದ್ಯರಿಗೆ ಫೋನ್ ಮಾಡಿ ಕೇಳಿ.

ನಿಮ್ಮ ಭಯ ನನಗೆ ಗೊತ್ತು. ನನ್ನ ಮಗ ಆರು ವರ್ಷದವನಿದ್ದಾಗ ಊರಹಬ್ಬದ ದಿನ ಕತ್ತಲಾಗುವವರೆಗೂ ಓಡಿ ಆಡಿದ್ದ. ಮಲಗುವಾಗ ಶುಗರ್ 110 ಇತ್ತು. ಚೆನ್ನಾಗಿದೆ ಎಂದುಕೊಂಡು ನಾವೂ ಮಲಗಿದೆವು. ಮೂರು ಗಂಟೆಗೆ ನೋಡಿದರೆ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈಕಾಲು ಸೆಟೆದುಕೊಂಡಿದ್ದವು. ಅತ್ತೆ ಗಾಬರಿಯಲ್ಲಿ ಸಕ್ಕರೆ ನೀರನ್ನು ಬಾಯಿಗೆ ಹೊಯ್ದರು, ನಾನೂ ತಡೆಯಲಿಲ್ಲ. ಅದು ಶ್ವಾಸನಾಳಕ್ಕೆ ಇಳಿಯದಿದ್ದದ್ದು ನಮ್ಮ ಪುಣ್ಯ. ಆಸ್ಪತ್ರೆಯಲ್ಲಿ 31 ತೋರಿಸಿತು. ಗ್ಲೂಕೋಸ್ ಏರಿಸಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ತಲೆನೋವು ಎಂದ.

ಪ್ರಜ್ಞೆಯಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ. ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಮನೆಯಲ್ಲಿದ್ದರೆ ಕೂಡಲೇ ಕೊಡಬೇಕು. 25 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಅರ್ಧ ಮಿಲಿಗ್ರಾಂ. ಅದು ಎಲ್ಲ ಔಷಧದ ಅಂಗಡಿಗಳಲ್ಲಿ ಸಿಗುವುದಿಲ್ಲ, ಬೆಲೆಯೂ ಹೆಚ್ಚು. ಆದ್ದರಿಂದ ವೈದ್ಯರ ಬಳಿ ಮೊದಲೇ ಕೇಳಿ ತರಿಸಿಡಿ, ಕೊಡುವ ಬಗೆಯನ್ನೂ ಕಲಿಯಿರಿ.

ಎಚ್ಚರವಿದ್ದು, ನುಂಗಬಲ್ಲ ಸ್ಥಿತಿಯಲ್ಲಿದ್ದರೆ ಮಾತು ಬೇರೆ. 70ಕ್ಕಿಂತ ಇಳಿದ ಕೂಡಲೇ ಗ್ಲೂಕೋಸ್ ಪುಡಿ ಕೊಡಿ, ಕಿಲೋ ತೂಕಕ್ಕೆ 0.3 ಗ್ರಾಂ ಲೆಕ್ಕದಲ್ಲಿ. 20 ಕಿಲೋ ಮಗುವಿಗೆ 6 ಗ್ರಾಂ ಆಯಿತು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ.

ನಮಗೆ ತಡವಾಗಿ ತಿಳಿದದ್ದು ಆಟದ ಲೆಕ್ಕ. ದಣಿದ ಸ್ನಾಯುಗಳು ಖರ್ಚಾದ ಸಕ್ಕರೆಯನ್ನು ರಾತ್ರಿಯಿಡೀ ರಕ್ತದಿಂದ ಎಳೆದುಕೊಳ್ಳುತ್ತವೆ, ಹಾಗಾಗಿ ಸಂಜೆ ಆಡಿದ್ದರ ಫಲ ಏಳೆಂಟು ಗಂಟೆ ಕಳೆದ ಮೇಲೆ ಕಾಣಿಸುತ್ತದೆ. ಹೆಚ್ಚು ಆಡಿದ ದಿನ ಎರಡು ಗಂಟೆಗೆ ಅಲಾರಂ ಇಟ್ಟು ಬೆರಳು ಚುಚ್ಚಿ ನೋಡುತ್ತೇನೆ. ಅಂಥ ದಿನ ಮಲಗುವ ಮುನ್ನ ಏನು ತಿನ್ನಿಸಬೇಕು, ಇನ್ಸುಲಿನ್ ಎಷ್ಟು ಇಳಿಸಬೇಕು ಎಂಬುದನ್ನು ವೈದ್ಯರು ಬರೆದುಕೊಟ್ಟಿದ್ದಾರೆ, ನೀವೂ ಬರೆಸಿಕೊಳ್ಳಿ. ಆಟ ಮಾತ್ರ ಬಿಡಿಸಬೇಡಿ.

ಶುಗರ್ ಇಳಿಯುವಾಗ ಏನನ್ನಿಸುತ್ತದೆ ಎಂದು ಮಗಳನ್ನೇ ಕೇಳಿ. ನನ್ನ ಮಗ "ಕಾಲು ನೀರಾಗುತ್ತಿದೆ" ಎನ್ನುತ್ತಿದ್ದ. ಆ ಮಾತನ್ನು ಅವನ ಶಾಲೆಯ ಟೀಚರ್‌ಗೂ ಬರೆದು ಕೊಟ್ಟಿದ್ದೆ, ಜೊತೆಗೆ ಒಂದು ಡಬ್ಬಿ ಗ್ಲೂಕೋಸ್.