ಬೆಂಡೆಯ ಲೋಳೆಗೂ ಕೊಲೆಸ್ಟ್ರಾಲಿಗೂ ಏನು ಸಂಬಂಧ?

ಪ್ರಶ್ನೆ: ನನಗೆ 52 ವರ್ಷ, ಊರು ಬದಿಯಡ್ಕದ ಹತ್ತಿರ. ಅಡಿಕೆ ತೋಟದ ಕೆಲಸ. ಶುಗರಿಗೆ ಮಾತ್ರೆ ತಗೊಳ್ತಿದ್ದೇನೆ. ಈಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 162 ಬಂದಿದೆ. ಡಾಕ್ಟರು ಕೊಲೆಸ್ಟ್ರಾಲಿಗೆ ಸ್ಟಾಟಿನ್ ಮಾತ್ರೆ ಬರೆದಿದ್ದಾರೆ, ಶುರು ಮಾಡಿಲ್ಲ. ಓಟ್ಸ್ ತಿನ್ನಿ, ನಾರಿನಿಂದಲೇ ಇಳಿಯುತ್ತದೆ ಅಂತ ಮಂಗಳೂರಲ್ಲಿರುವ ಮಗಳು ಹೇಳುತ್ತಾಳೆ. ನಾವು ಮೊದಲಿಂದಲೂ ಕುಚ್ಚಲಕ್ಕಿ ಗಂಜಿ, ಸೊಪ್ಪು ತಿನ್ನುವವರು. ಆ ನಾರು ಸಾಕಾಗಲಿಲ್ಲವಾ? ಮೂರು ತಿಂಗಳು ನಾರಿನಲ್ಲೇ ನೋಡಿ ಆಮೇಲೆ ಮಾತ್ರೆ ತಗೊಂಡರೆ ಆಗದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಮಾತ್ರೆ ಶುರು ಮಾಡಿ. ಶುಗರ್ ಇರುವವರಿಗೆ 40 ದಾಟಿದ ಮೇಲೆ ಹೃದಯದ ರಕ್ಷಣೆಗೆಂದೇ ಸ್ಟಾಟಿನ್ ಕೊಡುವುದು ರೂಢಿ. ಅದು ಎಲ್‌ಡಿಎಲನ್ನು ಸಾಮಾನ್ಯವಾಗಿ ಶೇ. 30ರಿಂದ 50ರಷ್ಟು ಇಳಿಸುತ್ತದೆ. ನಾರಿನಿಂದ ಇಳಿಯುವುದು ಶೇ. 5, ಚೆನ್ನಾಗಿ ತಿಂದರೆ 10. ನಿಮ್ಮ 162ರಲ್ಲಿ 8ರಿಂದ 16 ಅಂಕ ಅಷ್ಟೇ. ಆದರೂ ಬಿಡುವಂಥದ್ದಲ್ಲ, ಮಾತ್ರೆಯ ಜೊತೆಗೆ ಅದೂ ಸೇರುತ್ತದೆ.

ಇನ್ನು ನಿಮ್ಮ ಗಂಜಿ. ನಾರಿನಲ್ಲಿ ಎರಡು ಜಾತಿ. ಕುಚ್ಚಲಕ್ಕಿಯ ತೌಡಿನದ್ದು ಹೆಚ್ಚಾಗಿ ನೀರಲ್ಲಿ ಕರಗದ ನಾರು. ಹೊಟ್ಟೆ ಸಲೀಸಾಗಿ ಹೋಗಲು ಒಳ್ಳೆಯದು, ಕೊಲೆಸ್ಟ್ರಾಲಿಗೆ ಅದರಿಂದ ದೊಡ್ಡ ಉಪಕಾರವಿಲ್ಲ. ನಮಗೆ ಬೇಕಾದ್ದು ನೀರು ಕುಡಿದು ಲೋಳೆಯಾಗುವ ನಾರು. ಬೆಂಡೆ ಹೆಚ್ಚುವಾಗ ಚೂರಿಗೆ ಎಳೆ ಎಳೆಯಾಗಿ ಅಂಟುತ್ತದಲ್ಲ, ರಾತ್ರಿ ನೆನೆಹಾಕಿದ ಮೆಂತೆ ಬೆಳಿಗ್ಗೆ ಜಾರುತ್ತದಲ್ಲ, ಅದೇ. ಬಸಳೆಯಲ್ಲೂ ಇದೆ.

ಅದು ಮಾಡುವ ಕೆಲಸ ಸ್ವಾರಸ್ಯದ್ದು. ಕೊಬ್ಬು ಜೀರ್ಣವಾಗಲು ಲಿವರ್ ಪಿತ್ತರಸ ಬಿಡುತ್ತದೆ. ಅದರಲ್ಲಿರುವ ಪಿತ್ತಾಮ್ಲ ತಯಾರಾಗುವುದು ಕೊಲೆಸ್ಟ್ರಾಲಿನಿಂದಲೇ. ಕೆಲಸ ಮುಗಿದ ಮೇಲೆ ಕರುಳು ಅದರ ಬಹುಪಾಲನ್ನು ಹೀರಿ ಲಿವರಿಗೇ ವಾಪಸು ಕಳಿಸುತ್ತದೆ. ಲೋಳೆ ಅದರಲ್ಲೊಂದಿಷ್ಟನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಹಾಕುತ್ತದೆ. ಲಿವರಿಗೆ ಸರಕು ಕಡಿಮೆ ಬೀಳುತ್ತದೆ. ಆಗ ಅದು ರಕ್ತದಿಂದ ಎಲ್‌ಡಿಎಲ್ ಎಳೆದುಕೊಂಡು ಹೊಸ ಪಿತ್ತಾಮ್ಲ ಮಾಡುತ್ತದೆ. ಹೀಗೆ ಇಳಿಯುವುದು ಎಲ್‌ಡಿಎಲ್ ಮಾತ್ರ. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡಿಗೆ ಇದನ್ನು ನಂಬಿ ಕೂರಬೇಡಿ.

ಮಗಳು ಹೇಳಿದ್ದು ಸುಳ್ಳಲ್ಲ. ಓಟ್ಸಿನ ಬೀಟಾ ಗ್ಲೂಕನ್ ಇದೇ ಜಾತಿಯ ನಾರು. ಅಮೆರಿಕದ ಆಹಾರ, ಔಷಧಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಅದನ್ನು ಒಪ್ಪಿದೆ. ಆದರೆ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಬೇಕು, ಅದಕ್ಕೆ ಒಣ ಓಟ್ಸ್ ಸುಮಾರು 75 ಗ್ರಾಂ. ಎರಡು ಚಮಚ ಹಾಲಿಗೆ ಹಾಕಿಕೊಂಡರೆ ಏನೂ ಆಗದು. ಇಷ್ಟವಿದ್ದರೆ ತಿನ್ನಿ, ಇಲ್ಲದಿದ್ದರೆ ಮೂಗು ಮುಚ್ಚಿಕೊಂಡು ತಿನ್ನಬೇಕಾಗಿಲ್ಲ. ದಿನಾ ಒಂದು ಬಟ್ಟಲು ಬೇಯಿಸಿದ ಕಾಳು ತಿಂದರೂ ಹೆಚ್ಚುಕಡಿಮೆ ಶೇ. 5 ಇಳಿಯುತ್ತದೆ. ಅಲಸಂಡೆ, ಹೆಸರು, ಕಡಲೆ, ಹುರುಳಿ ಯಾವುದಾದರೂ ಆದೀತು. ಬಸಳೆ ಬೆಂದಿಗೆ ಹುರುಳಿ ಸೇರಿಸಿ. ಹುರುಳಿಯ ಕಟ್ಟಿನಿಂದ ಸಾರು ಮಾಡಿ ಕಾಳನ್ನು ದನಕ್ಕೆ ಹಾಕುವ ಮನೆಗಳಿವೆ. ಅಲ್ಲಿ ನಾರೆಲ್ಲ ದನದ ಪಾಲು!

ಒಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ತೆಂಗಿನೆಣ್ಣೆ. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸ್ಯಾಚುರೇಟೆಡ್ ಕೊಬ್ಬು. ಪ್ಯಾಕೆಟಿನಲ್ಲಿ 'ಕೊಲೆಸ್ಟ್ರಾಲ್ ಇಲ್ಲ' ಅಂತ ಬರೆದಿರುತ್ತದೆ, ಅದು ನಿಜವೇ. ಆದರೆ ಈ ಕೊಬ್ಬು ಜಾಸ್ತಿಯಾದರೆ ಲಿವರ್ ಎಲ್‌ಡಿಎಲ್ ಎಳೆದುಕೊಳ್ಳುವುದನ್ನೇ ಕಡಿಮೆ ಮಾಡುತ್ತದೆ, ನಾರು ಮಾಡಿದ್ದಕ್ಕೆ ನೇರ ಉಲ್ಟಾ. ಒಗ್ಗರಣೆಗೆ ಒಂದು ಚಮಚ ಇರಲಿ. ಪೋಡಿ, ಹಪ್ಪಳ ಕರಿಯುವುದನ್ನು ಹಬ್ಬಕ್ಕೆ ಇಟ್ಟುಕೊಳ್ಳಿ. ದಿನದ ಪಲ್ಯಕ್ಕೆ ಎಳ್ಳೆಣ್ಣೆಯೋ ನೆಲಗಡಲೆ ಎಣ್ಣೆಯೋ ಸಾಕು.

ಇಸಬ್‌ಗೋಲ್ (ಅದೂ ಲೋಳೆಯಾಗುವ ನಾರೇ) ಬೇಕೆಂದರೆ ದಿನಕ್ಕೆ ಸುಮಾರು 10 ಗ್ರಾಂ, ಎರಡು ಹೊತ್ತು ಭಾಗ ಮಾಡಿ, ಒಂದೊಂದು ಸಲಕ್ಕೂ ದೊಡ್ಡ ಲೋಟ ನೀರಲ್ಲಿ. ಒಣಗಿದ್ದನ್ನು ಬಾಯಿಗೆ ಹಾಕಬೇಡಿ, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಂಡೀತು. ಸ್ವಲ್ಪದಿಂದ ಶುರು ಮಾಡಿ, ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಶುಗರ್ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ಅದು ಕುಂದಿದ್ದರೂ ಎಲ್‌ಡಿಎಲ್ ಏರುತ್ತದೆ. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ರಕ್ತ ಮತ್ತೆ ಕೊಡಿ.