ಗಂಜಿ ಬಿಡಿಸಿ ರಾಗಿ ಕೊಡಲೇ?

ಪ್ರಶ್ನೆ: ನನ್ನ ತಾಯಿಗೆ 71 ವರ್ಷ, ತೂಕ 50 ಕಿಲೊ. ಎರಡು ವರ್ಷಗಳಿಂದ ಕಾಲುಗಳು ಸೊರಗಿವೆ. ಅಡಿಕೆ ತೋಟದಿಂದ ಮನೆಗೆ ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ. ಮನೆಯಲ್ಲಿ ಮೀನು, ಮೊಟ್ಟೆ ಬಳಕೆಯಿಲ್ಲ. ರಾತ್ರಿ ಗಂಜಿ, ಉಪ್ಪಿನಕಾಯಿ ಬಿಟ್ಟು ಬೇರೇನೂ ಬೇಡವೆನ್ನುತ್ತಾರೆ. ಇಡಿಧಾನ್ಯ ತಿಂದರೆ ಸ್ನಾಯು ಸವೆಯುವುದಿಲ್ಲವಂತೆ. ಗಂಜಿ ಬಿಡಿಸಿ ರಾಗಿ ಕೊಡಲೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಗಂಜಿಯನ್ನು ಬಿಡಿಸುವ ಅಗತ್ಯವಿಲ್ಲ, ಬದಲಿಸಬೇಕಾದದ್ದು ಅದರ ಜೊತೆಗಿರುವ ಉಪ್ಪಿನಕಾಯಿಯನ್ನು. ವಯಸ್ಸಾದವರಿಗೆ ದಿನಕ್ಕೆ ದೇಹತೂಕದ ಕಿಲೊ ಒಂದಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕೆಂಬುದು ಹಲವು ತಜ್ಞರ ಅಭಿಮತ. ನಿಮ್ಮ ತಾಯಿಯವರ ಲೆಕ್ಕಕ್ಕೆ ಅದು 50ರಿಂದ 60 ಗ್ರಾಂ. ನೂರು ಗ್ರಾಂ ರಾಗಿಯಲ್ಲಿರುವುದು ಸುಮಾರು 7 ಗ್ರಾಂ ಮಾತ್ರ, ಅಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ ಎಂಬುದು ನಿಜ, ಆದರೆ ಅದರಿಂದ ಎಲುಬಿಗೆ ಸಿಗುವ ಉಪಕಾರವನ್ನು ಸ್ನಾಯುವಿನ ಖಾತೆಗೆ ಬರೆಯುವಂತಿಲ್ಲ.

ಹಾಗೆಂದು ಇಡಿಧಾನ್ಯದ ಮಾತು ಪೊಳ್ಳಲ್ಲ. ತವುಡಿನೊಂದಿಗೆ ಹೊಟ್ಟೆಗೆ ಸೇರುವ ನಾರು ರಕ್ತದ ಸಕ್ಕರೆ ಥಟ್ಟನೆ ಏರದಂತೆ ತಡೆಯುತ್ತದೆ, ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಸ್ನಾಯು ಕ್ಷಯಿಸಲು ಕಾರಣವಾಗುವ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಮತ್ತು ಒಳಗೊಳಗೇ ಇರುವ ಉರಿಯೂತ ಇದರಿಂದ ತಗ್ಗಬಹುದೆಂಬ ತರ್ಕಕ್ಕೆ ಆಧಾರವಿದೆ. ಆದರೆ ಇಡಿಧಾನ್ಯವೊಂದೇ ಸ್ನಾಯುವನ್ನು ಉಳಿಸುತ್ತದೆ ಎಂಬುದು ಸಾಬೀತಾಗಿಲ್ಲ. ಅಂದಹಾಗೆ, ಕೆಂಪು ತವುಡು ಉಳಿದಿರುವ ನಮ್ಮ ಕುಚ್ಚಲಕ್ಕಿಯೂ ಇಡಿಧಾನ್ಯವೇ. ಭತ್ತವನ್ನು ಬೇಯಿಸಿ ಒಣಗಿಸುವಾಗ ಬಿ ಗುಂಪಿನ ಜೀವಸತ್ವಗಳು ಕಾಳಿನೊಳಕ್ಕೆ ಇಳಿಯುತ್ತವೆ. ಅಂಗಡಿಯಲ್ಲಿ ಪಾಲಿಶ್ ಮಾಡದ ಅಕ್ಕಿಯನ್ನೇ ಕೇಳಿ ಪಡೆಯಿರಿ.

ಧಾನ್ಯಗಳಲ್ಲಿ ಪ್ರೊಟೀನಿನ ಘಟಕವಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಹೆಚ್ಚು. ಆದ್ದರಿಂದ ಗಂಜಿಯ ಬಟ್ಟಲಿನ ಪಕ್ಕದಲ್ಲಿ ಹುರುಳಿಯ ಸಾರೋ ಹೆಸರುಕಾಳಿನ ಪಲ್ಯವೋ ಇರಲಿ. ಸಾರಿನ ತಿಳಿಯನ್ನಷ್ಟೇ ಬಸಿದು ಬಡಿಸಿದರೆ ಪ್ರಯೋಜನವಿಲ್ಲ, ಅಡಿಯಲ್ಲಿ ನಿಂತ ಕಾಳು ಬಟ್ಟಲಿಗೆ ಬರಬೇಕು; 30 ಗ್ರಾಂ ಒಣ ಹುರುಳಿಯಲ್ಲಿ 6 ಗ್ರಾಂಗೂ ಮಿಕ್ಕಿ ಪ್ರೊಟೀನ್ ಇದೆ. ಹಾಲು, ಮೊಸರನ್ನು ಬೆಳಗ್ಗೆ ಮಧ್ಯಾಹ್ನಗಳಿಗೆ ಹಂಚಿ ಕೊಡಿ. ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಪ್ರೊಟೀನ್ ಹೆಚ್ಚಿಸಬಾರದು.

ಇನ್ನು, ಕಾಲಿನ ಬಲದ ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಿ. ಕೈಗಳನ್ನು ಎದೆಗೆ ಕಟ್ಟಿಕೊಂಡು, ಗೋಡೆಗೆ ಆನಿಸಿದ ಕುರ್ಚಿಯಿಂದ ಐದು ಸಲ ಎದ್ದು ಕುಳಿತುಕೊಳ್ಳಲು ಹೇಳಿ, ನೀವು ಪಕ್ಕದಲ್ಲೇ ನಿಂತಿರಿ. ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ವೈದ್ಯರಿಗೆ ತೋರಿಸಿ. ಸೋಲದೆ ಮಾಡಬಲ್ಲರಾದರೆ ಅದೇ ಅವರ ದಿನದ ವ್ಯಾಯಾಮವಾಗಲಿ, ಊಟಕ್ಕೆ ಮುನ್ನ ಎರಡು ಹೊತ್ತು.