ಮಾಚೇನಹಳ್ಳಿಯಲ್ಲಿ ಮಾಡುವ ಬ್ಯಾಟರಿ ಸ್ಪ್ರೇಯರ್ ಯುರೋಪಿಗೆ ಕಳಿಸಲು ಕಂಪ್ಲೈಯನ್ಸ್ ಸಾಫ್ಟ್‌ವೇರ್ (ನಿಯಮ ಪಾಲನೆಯ ದಾಖಲೆ ನೋಡಿಕೊಳ್ಳುವ ಸಾಫ್ಟ್‌ವೇರ್) ಬೇಕಾ?

ಸಾಫ್ಟ್‌ವೇರ್ ನಿಮ್ಮ ಪರವಾಗಿ ಟೆಸ್ಟ್ ಮಾಡುವುದಿಲ್ಲ. ಯುರೋಪಿನ ನಿಯಮಕ್ಕೆ ಒಪ್ಪುತ್ತದೆ ಅಂತ ಹೇಳುವ ಸಿಇ ಗುರುತು ಹಾಕಿದ ಹೊಣೆಯೂ ನಿಮ್ಮದೇ. ಸಾಫ್ಟ್‌ವೇರ್ ತಪ್ಪಿಸುವುದು ಕಾಗದದ ಒದ್ದಾಟವನ್ನು, ಆದರೆ ಆ ಒದ್ದಾಟ ಸಣ್ಣದಲ್ಲ.

ಮೋಟಾರ್, ಸ್ವಿಚ್, ವೈರು, ಚಾರ್ಜರ್ ಎಲ್ಲ ಬೇರೆ ಬೇರೆ ಕಡೆಯಿಂದ ಬರುತ್ತವೆ ಅಲ್ವಾ? ಯುರೋಪಿನ ರೋಹ್ಸ್ (RoHS) ನಿಯಮ ವಿದ್ಯುತ್ ಉಪಕರಣಗಳಲ್ಲಿನ 10 ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕಿದೆ. ಸೀಸಕ್ಕೆ 0.1%, ಕ್ಯಾಡ್ಮಿಯಂಗೆ 0.01%. ಅದೂ ಇಡೀ ಯಂತ್ರದ ತೂಕದ ಲೆಕ್ಕವಲ್ಲ, ಬೆಸುಗೆಯ ಚುಕ್ಕೆಗೆ ಒಂದು ಲೆಕ್ಕ, ವೈರಿನ ಪ್ಲಾಸ್ಟಿಕ್ ಹೊದಿಕೆಗೆ ಇನ್ನೊಂದು, ಹೀಗಾಗಿ ಪ್ರತಿ ಸಪ್ಲೈಯರ್ ಹತ್ತಿರವೂ ತಮ್ಮ ಭಾಗ ಈ ಮಿತಿಯೊಳಗಿದೆ ಅನ್ನುವ ಘೋಷಣೆ ಪತ್ರ ಕೇಳಬೇಕಾಗುತ್ತದೆ. (ಬ್ಯಾಟರಿಗೆ ಬೇರೆಯೇ ನಿಯಮ, 2023/1542.) ಒಳ್ಳೆ ಸಾಫ್ಟ್‌ವೇರ್ ಆ ಪತ್ರವನ್ನು ಪಾರ್ಟ್ ನಂಬರಿಗೆ ಜೋಡಿಸಿಡುತ್ತದೆ. ಕೊಳೆರೋಗದ ಸೀಸನ್ನಿನಲ್ಲಿ ಊರಿನ ಆರ್ಡರ್ ಜಾಸ್ತಿಯಾಗಿ ಅರ್ಜೆಂಟಿಗೆ ಬೇರೆ ಕಂಪನಿ ಸ್ವಿಚ್ ಹಾಕಿದಿರಿ ಅನ್ನಿ, ಯಾವ ಪತ್ರ, ಯಾವ ಟೆಸ್ಟ್ ರಿಪೋರ್ಟ್ ಇನ್ನು ನಡೆಯುವುದಿಲ್ಲ ಅಂತ ಸಾಫ್ಟ್‌ವೇರ್ ಕೂಡಲೇ ತೋರಿಸಬೇಕು. ದುಡ್ಡು ಕೊಡುವುದಾದರೆ ಇದಕ್ಕೆ ಕೊಡಿ, ಸುಮ್ನೆ ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ನೋಡಿ ಅಲ್ಲ.

ನಿಯಮ ಬದಲಾದಾಗ ಎಚ್ಚರಿಸುತ್ತದಾ ಅಂತಲೂ ಕೇಳಿ. 2027ರ ಜನವರಿ 20ರಿಂದ ಯಂತ್ರಗಳ ಸುರಕ್ಷತೆಗೆ ಯುರೋಪಿನ ಹಳೆಯ ನಿಯಮ 2006/42 ಹೋಗಿ ಹೊಸ ನಿಯಮ 2023/1230 ಬರುತ್ತದೆ.

ಒಂದೇ ಮಾಡೆಲ್ ಇದ್ದರೆ ಸದ್ಯಕ್ಕೆ ಎಕ್ಸೆಲ್ ಸಾಕು. ಆದರೆ ಟೆಕ್ನಿಕಲ್ ಫೈಲನ್ನು (ಯಂತ್ರ ನಿಯಮಕ್ಕೆ ಒಪ್ಪುತ್ತದೆ ಅಂತ ತೋರಿಸುವ ದಾಖಲೆಗಳ ಕಡತ) 10 ವರ್ಷ ಇಟ್ಟುಕೊಳ್ಳಬೇಕು, ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಡಬೇಡಿ.